1766319049 ಅನ್ನೋ ಸಂಖ್ಯೆ, ಮತ್ತೆ ಕಳೆದುಹೋದ ಒಂದು

"ಮಾಮಾ, ಇಲ್ಲಿ ಸೊನ್ನೆ ಬರ್ತಿದೆ, ಒಂದು ಬರ್ಬೇಕಲ್ವಾ?" ಅಂತ ಅಕ್ಕನ ಮಗಳು ಕೇಳಿದಾಗ ನಾನು ಮಂಡಿ ಲೆಕ್ಕದ ಕಿರ್ದಿ ತಾಳೆ ನೋಡ್ತಾ ಕೂತಿದ್ದೆ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ಸಾಗರಕ್ಕೆ ಬಂದಿದ್ಲು, ಹೊರಗೆ ಮಳೆ, ಕರೆಂಟ್ ಹೋಗ್ತಾ ಬರ್ತಾ ಇತ್ತು, ನನ್ನ ಲ್ಯಾಪ್‌ಟಾಪ್ ಹಿಡ್ಕೊಂಡು ಜಗಲೀಲಿ ಕೂತಿದ್ಲು. ಅವಳಿಗೆ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಬಂದಿತ್ತು. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ಬಿಡಿಸಿದ ಲೆಕ್ಕವನ್ನ ಐನೂರು ವರ್ಷ ಆದ್ಮೇಲೆ ಫ್ರಾನ್ಸಿನ ಫರ್ಮಾ ಸವಾಲು ಅಂತ ಯುರೋಪಿನವರ ಮುಂದೆ ಇಟ್ಟ, ನಾವು ಎಷ್ಟು ಮುಂದಿದ್ವಿ ನೋಡಿ, ಅನ್ನೋ ಥರದ್ದು. ಕೆಳಗೆ ಎರಡು ಸಂಖ್ಯೆ ಇತ್ತು, 226153980 ಮತ್ತು 1766319049. ಮೊದಲನೇದರ ವರ್ಗ ಮಾಡಿ 61ರಿಂದ ಗುಣಿಸಿ 1 ಕೂಡಿಸಿದ್ರೆ ಎರಡನೇದರ ವರ್ಗ ಬರತ್ತೆ ಅಂತ.

ಅವಳು ಒಳ್ಳೇ ಹುಡುಗಿ, ನೋಡಿ ಸುಮ್ನೆ ಮುಂದೆ ಕಳಿಸಲಿಲ್ಲ, ಸ್ಪ್ರೆಡ್‌ಶೀಟಲ್ಲಿ ಹಾಕಿ ನೋಡಿದ್ಲು. ಒಂದು ಸಾಲಲ್ಲಿ 1766319049ರ ವರ್ಗ, ಇನ್ನೊಂದರಲ್ಲಿ 61 ಸಲ 226153980ರ ವರ್ಗ, ಮೂರನೇದರಲ್ಲಿ ಎರಡರ ವ್ಯತ್ಯಾಸ. ವ್ಯತ್ಯಾಸ 0 ಅಂತ ಬಂತು. ಎರಡು ಸಲ ಟೈಪ್ ಮಾಡಿ ನೋಡಿದ್ಲು, ಆಗ್ಲೂ 0.

ಮಂಡೀಲಿ ಹದಿನೆಂಟು ವರ್ಷದಿಂದ ಲೆಕ್ಕ ಬರೀತಾ ಇದೀನಿ. ದಿನದ ಕೊನೆಗೆ ಒಂದು ರೂಪಾಯಿ ತಾಳೆ ಬರಲಿಲ್ಲ ಅಂದ್ರೆ ಎದ್ದು ಹೋಗೋ ಹಾಗಿಲ್ಲ, ಯಾಕಂದ್ರೆ ಆ ಒಂದು ರೂಪಾಯಿ ಹಿಂದೆ ಎರಡು ದೊಡ್ಡ ತಪ್ಪು ಒಂದನ್ನೊಂದು ಮುಚ್ಕೊಂಡು ಕೂತಿರಬಹುದು. ಇಲ್ಲಿ ಆಗಿದ್ದು ಅದಕ್ಕೆ ಉಲ್ಟಾ, ಇರಬೇಕಾದ ಒಂದು ಇಲ್ಲ. ಕಿರ್ದಿ ಮುಚ್ಚಿಟ್ಟು ಅವಳ ಪಕ್ಕ ಹೋಗಿ ಕೂತೆ, ಆವತ್ತಿಂದ ಈ ಸಂಖ್ಯೆ ನನ್ನ ಬಿಟ್ಟಿಲ್ಲ.

ಮೊದಲು ಆ ಸೊನ್ನೆ ವಿಷಯ ಮುಗಿಸಿಬಿಡ್ತೀನಿ. ಸ್ಪ್ರೆಡ್‌ಶೀಟು 15 ಅಂಕಿವರೆಗೆ ಮಾತ್ರ ನಂಬಬಹುದು. ನಮ್ಮ ಸಂಖ್ಯೆಯ ವರ್ಗ 19 ಅಂಕಿದು, 3119882982860264401. ಶೀಟಲ್ಲಿ ಪೂರ್ತಿ ತೋರಿಸು ಅಂದ್ರೆ 3119882982860260000 ಅಂತ ತೋರಿಸತ್ತೆ, ಕೊನೆಯ 4401 ಹೋಗಿ ನಾಲ್ಕು ಸೊನ್ನೆ. ಒಳಗಡೆ ಸಂಖ್ಯೆ ಇಟ್ಕೊಳ್ಳೋ ರೀತಿಯೇ ಹಾಗೆ, 9007199254740992 ದಾಟಿದ ಮೇಲೆ ಎಲ್ಲಾ ಪೂರ್ಣಾಂಕಕ್ಕೂ ಅಲ್ಲಿ ಜಾಗ ಇರಲ್ಲ, ಮೊದಲು ಎರಡೆರಡು, ಆಮೇಲೆ ನಾಲ್ಕು ನಾಲ್ಕು, ಹೀಗೆ ದೊಡ್ಡದಾದಷ್ಟೂ ದೂರ ದೂರಕ್ಕೆ ಹೆಜ್ಜೆ ಇಡತ್ತೆ, ನಮ್ಮ ವರ್ಗ ಇರೋ ಜಾಗದಲ್ಲಿ ಹೆಜ್ಜೆ 512ರದ್ದು. 512ರ ಹೆಜ್ಜೇಲಿ ನಡೆಯೋರಿಗೆ 1 ಹೇಗೆ ಕಾಣ್ಬೇಕು. ಎರಡು ಕಡೆಯದ್ದೂ ಹೋಗಿ ಒಂದೇ ಮೆಟ್ಟಿಲ ಮೇಲೆ ಕೂತ್ವು, ವ್ಯತ್ಯಾಸ 0 ಆಯ್ತು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಪೂರ್ಣಾಂಕಕ್ಕೆ ಇಷ್ಟೇ ಅಂಕಿ ಅನ್ನೋ ಕಟ್ಟು ಇಲ್ಲ, ಅಲ್ಲಿ ಹಾಕಿದ್ರೆ ಸರಿಯಾಗಿ 1 ಅಂತ ಬರತ್ತೆ. ಆದ್ರೆ ಆವತ್ತು ಕರೆಂಟ್ ಹೋಯ್ತು, ಬ್ಯಾಟರಿ ಕೂಡ ಮುಗೀತು, ನಾವಿಬ್ರೂ ರಫ್ ಪುಸ್ತಕ ತಗೊಂಡು ಕೈಯಲ್ಲೇ ಗುಣಿಸಿದ್ವಿ. ಅದು ಒಳ್ಳೇದೇ ಆಯ್ತು ಅಂತ ಈಗ ಅನ್ಸತ್ತೆ, ಕೈಯಲ್ಲಿ ಮಾಡದೇ ಇದ್ದಿದ್ರೆ ಮುಂದಿನದ್ಯಾವುದೂ ನಮ್ಮ ಕಣ್ಣಿಗೆ ಬೀಳ್ತಿರಲಿಲ್ಲ.

ಕೈಯಲ್ಲಿ ಮಾಡಿದ್ದು ಇದು. 226153980ರ ವರ್ಗ 51145622669840400. ಅದನ್ನ 61ರಿಂದ ಗುಣಿಸಿದ್ರೆ 3119882982860264400. ಮೇಲಿನ 3119882982860264401 ಪಕ್ಕ ಇಟ್ಟು ನೋಡಿ, ಕೊನೆಯ ಒಂದಂಕಿ ಮಾತ್ರ ಬೇರೆ. ಹತ್ತೊಂಬತ್ತು ಅಂಕಿ ಸಾಲಲ್ಲಿ ಹದಿನೆಂಟು ಒಂದೇ, ಕೊನೇದು ಒಂದು ಹೆಚ್ಚು. ಲಾಟೀನ್ ಬೆಳಕಲ್ಲಿ ಆ ಎರಡು ಸಾಲು ಒಂದರ ಕೆಳಗೊಂದು ಬಂದಾಗ ಇಬ್ರಿಗೂ ಖುಷಿಯಾಗಿ ಅಕ್ಕನ್ನ ಅಡುಗೆಮನೆಯಿಂದ ಕರೆದು ತೋರಿಸಿದ್ವಿ.

ಈಗ ಭಾಸ್ಕರಾಚಾರ್ಯರ ವಿಷಯಕ್ಕೆ ಬರ್ತೀನಿ. ಅವರು ಹುಟ್ಟಿದ್ದು 1114ರಲ್ಲಿ. ಊರು ಸಹ್ಯಾದ್ರಿ ಹತ್ರದ ವಿಜ್ಜಡವಿಡ ಅಂತ ಅವರೇ ಬರ್ಕೊಂಡಿದಾರೆ. ಅದು ನಮ್ಮ ವಿಜಯಪುರ ಅಂತ ನಾವೆಲ್ಲ ಶಾಲೇಲಿ ಕಲ್ತಿದ್ದು, ಅವರ ಮೊಮ್ಮಗ ಚಂಗದೇವ ಅಜ್ಜನ ಗ್ರಂಥಗಳನ್ನ ಓದಿಸೋಕೆ ಮಠ ಮಾಡಿದ 1207ರ ಶಾಸನ ಇರೋದು ಮಹಾರಾಷ್ಟ್ರದ ಖಾಂದೇಶದ ಪಾಟಣದಲ್ಲಿ, ಹಾಗಾಗಿ ಅವರು ಆ ಕಡೆಯವರು ಅನ್ನೋರೂ ಇದಾರೆ. ಆ ಜಗಳ ಇವತ್ತು ನನಗೆ ಬೇಡ. ಬೀಜಗಣಿತ ಅನ್ನೋ ಅವರ ಗ್ರಂಥದಲ್ಲಿ ಒಂದು ಶ್ಲೋಕ ಬರತ್ತೆ. ಅದರ ಅರ್ಥ ಹೆಚ್ಚುಕಮ್ಮಿ ಹೀಗೆ, ಯಾವ ವರ್ಗವನ್ನ 67ರಿಂದ ಗುಣಿಸಿ ಒಂದು ಸೇರಿಸಿದ್ರೆ ವರ್ಗಮೂಲ ಬರತ್ತೆ, ಹಾಗೇ ಯಾವ ವರ್ಗವನ್ನ 61ರಿಂದ ಗುಣಿಸಿ ಒಂದು ಸೇರಿಸಿದ್ರೆ ಬರತ್ತೆ, ಗೆಳೆಯಾ, ಈ ವರ್ಗಪ್ರಕೃತಿ ಅನ್ನೋ ವಿದ್ಯೆ ನಿನ್ನ ಮನಸ್ಸಲ್ಲಿ ಬಳ್ಳಿ ಹಾಗೆ ಹಬ್ಬಿದ್ರೆ ಹೇಳು ನೋಡೋಣ. ಬಳ್ಳಿ ಅನ್ನೋ ಮಾತು ನನಗೆ ಬಹಳ ಹಿಡಿಸ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ.

67ಕ್ಕೆ ಉತ್ತರ 5967 ಮತ್ತು 48842, ಐದಂಕಿ ಒಳಗೇ ಮುಗಿಯತ್ತೆ. 61 ಯಾಕೆ ಹಿಂಗೆ ಅಂತ ಅದರ ಅಕ್ಕಪಕ್ಕದವರನ್ನ ನೋಡಿ. 60ಕ್ಕೆ 4 ಮತ್ತು 31 ಸಾಕು, ಹದಿನಾರನ್ನ ಅರವತ್ತರಿಂದ ಗುಣಿಸಿ ಒಂದು ಸೇರಿಸಿದ್ರೆ 961, ಅದು 31ರ ವರ್ಗ. 62ಕ್ಕೆ 8 ಮತ್ತು 63. 63ಕ್ಕಂತೂ 1 ಮತ್ತು 8, ಬಾಯಲ್ಲೇ ಹೇಳಬಹುದು. ಇವುಗಳ ಮಧ್ಯೆ ಇರೋ 61ಕ್ಕೆ ಅತಿ ಚಿಕ್ಕ ಉತ್ತರವೇ 22 ಕೋಟಿ 61 ಲಕ್ಷ 53 ಸಾವಿರದ 980 ಮತ್ತು 176 ಕೋಟಿ 63 ಲಕ್ಷ 19 ಸಾವಿರದ 49. ಅದಕ್ಕಿಂತ ಕೆಳಗೆ ಒಂದೂ ಇಲ್ಲ (ಸೊನ್ನೆ ಮತ್ತು ಒಂದು ಅನ್ನೋ ಉಪಯೋಗ ಇಲ್ಲದ ಜೋಡಿ ಬಿಟ್ರೆ). ನೂರರ ಒಳಗಿನ ಯಾವ ಸಂಖ್ಯೆಗೂ ಇಷ್ಟು ದೊಡ್ಡ ಮೊದಲ ಉತ್ತರ ಇಲ್ಲ. ಒಂದು ಎರಡು ಮೂರು ಅಂತ ಹಾಕ್ತಾ, ಸೆಕೆಂಡಿಗೆ ಒಂದರ ಹಾಗೆ ಪರೀಕ್ಷೆ ಮಾಡ್ತಾ, ನಿದ್ದೆ ಊಟ ಬಿಟ್ಟು ಕೂತ್ರೂ ಅಲ್ಲಿಗೆ ಮುಟ್ಟೋಕೆ 7 ವರ್ಷದ ಮೇಲಾಗತ್ತೆ. ದಿನಕ್ಕೆ ಎಂಟು ಗಂಟೆ ಕೆಲಸ ಅಂತ ಇಟ್ಕೊಂಡ್ರೆ 21 ವರ್ಷದ ಮೇಲೆ. ಅಂದ್ರೆ ಹುಡುಕಿ ಸಿಗೋ ವಸ್ತುವೇ ಅಲ್ಲ ಇದು, ಕಟ್ಟಿ ಬೆಳೆಸಬೇಕು.

ಕಟ್ಟೋ ಉಪಾಯದ ಬೇರು ಇನ್ನೂ ಹಿಂದಕ್ಕೆ ಹೋಗತ್ತೆ, ಭಿಲ್ಲಮಾಲದ ಬ್ರಹ್ಮಗುಪ್ತರಿಗೆ, 628ಕ್ಕೆ. ಅವರು 92 ಮತ್ತು 83 ಕೊಟ್ಟು ಇದನ್ನ ಒಂದು ವರ್ಷದ ಒಳಗೆ ಬಿಡಿಸಿದೋನು ಗಣಿತಜ್ಞ ಅಂತ ಬರೆದವರು (92ಕ್ಕೆ ಉತ್ತರ 120 ಮತ್ತು 1151). ಅವರು ಕೊಟ್ಟ ಸಾಧನದ ಹೆಸರು ಭಾವನಾ. ಚಿಕ್ಕ ಸಂಖ್ಯೆಗೆ ಕನಿಷ್ಠ ಅಂತಾರೆ, ದೊಡ್ಡದಕ್ಕೆ ಜ್ಯೇಷ್ಠ, ಜ್ಯೇಷ್ಠದ ವರ್ಗದಿಂದ ಕನಿಷ್ಠದ ವರ್ಗದ 61 ಪಟ್ಟು ಕಳೆದಾಗ ಉಳಿಯೋದು ಕ್ಷೇಪ. ನಮಗೆ ಬೇಕಿರೋದು ಕ್ಷೇಪ 1. ಆದ್ರೆ ಕ್ಷೇಪ 3 ಇರೋ ಜೋಡಿ ಸುಲಭವಾಗಿ ಸಿಗತ್ತೆ ಅನ್ಕೊಳ್ಳಿ, ಕ್ಷೇಪ ಮೈನಸ್ 12 ಇರೋದೂ ಸಿಗತ್ತೆ. ಎರಡು ಜೋಡಿ ತಗೊಂಡು, ಒಂದರ ಕನಿಷ್ಠಕ್ಕೆ ಇನ್ನೊಂದರ ಜ್ಯೇಷ್ಠ ಅಡ್ಡಡ್ಡವಾಗಿ ಗುಣಿಸಿ ಕೂಡಿಸಿದ್ರೆ ಹೊಸ ಕನಿಷ್ಠ (ಇದಕ್ಕೆ ವಜ್ರಾಭ್ಯಾಸ ಅಂತ ಚಂದದ ಹೆಸರಿದೆ), ಜ್ಯೇಷ್ಠ ಜ್ಯೇಷ್ಠ ಗುಣಿಸಿ ಅದಕ್ಕೆ ಕನಿಷ್ಠಗಳ ಗುಣಲಬ್ಧದ 61 ಪಟ್ಟು ಸೇರಿಸಿದ್ರೆ ಹೊಸ ಜ್ಯೇಷ್ಠ, ಕ್ಷೇಪಗಳು ತಮ್ಮ ತಮ್ಮಲ್ಲೇ ಗುಣಿಸ್ಕೊಳ್ತವೆ. ಎರಡು ಉತ್ತರದಿಂದ ಮೂರನೇ ಉತ್ತರ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲೇ ಇದೆ, ಮುಂದೆ ಹೇಳೋ ಚಕ್ರವಾಲ ಅನ್ನೋ ವಿಧಾನಕ್ಕಿಂತಲೂ ಇದೇ ದೊಡ್ಡದು ಅಂತ ನನಗನ್ಸತ್ತೆ, ಒಪ್ಪದೇ ಇರೋರು ಇರಬಹುದು.

ಚಕ್ರವಾಲ ಅಂದ್ರೆ ಇದೇ ಭಾವನೆಯನ್ನ ಸುತ್ತು ಸುತ್ತಾಗಿ ಮಾಡಿ ಪ್ರತಿ ಸುತ್ತಲ್ಲೂ ಭಾಗಿಸಿ ಕ್ಷೇಪವನ್ನ ಚಿಕ್ಕದಾಗೇ ಇಟ್ಕೊಳ್ಳೋದು. ಭಾಸ್ಕರಾಚಾರ್ಯರಿಗೂ ಮೊದಲು ಜಯದೇವ ಅನ್ನೋರು ಇದನ್ನ ಹೇಳಿದಾರೆ, 1073ರಲ್ಲಿ ಉದಯದಿವಾಕರ ಬರೆದ ವ್ಯಾಖ್ಯಾನದಲ್ಲಿ ಅವರ ಶ್ಲೋಕಗಳಿವೆ. ಫಾರ್ವರ್ಡಲ್ಲಿ ಜಯದೇವರ ಹೆಸರೇ ಇರಲಿಲ್ಲ, ಅದು ಬೇಜಾರು.

ಈಗ ಲೆಕ್ಕ ನೋಡಿ, ಪೆನ್ನು ಹಿಡ್ಕೊಂಡು ಓದಿದ್ರೆ ಇನ್ನೂ ಒಳ್ಳೇದು. 61ಕ್ಕೆ ಹತ್ತಿರದ ವರ್ಗ 64, ಅಂದ್ರೆ 8ರ ವರ್ಗ. ಕನಿಷ್ಠ 1, ಜ್ಯೇಷ್ಠ 8, ಕ್ಷೇಪ 3. ಇದರ ಜೊತೆ ಕನಿಷ್ಠ 1, ಜ್ಯೇಷ್ಠ 7, ಕ್ಷೇಪ ಮೈನಸ್ 12 ಸೇರಿಸಿ ಭಾವನೆ ಮಾಡಿ (49ರಲ್ಲಿ 61 ಕಳೆದ್ರೆ ಮೈನಸ್ 12). ಕನಿಷ್ಠ 7 + 8 = 15. ಜ್ಯೇಷ್ಠ 56 + 61 = 117. ಕ್ಷೇಪ ಮೈನಸ್ 36. ಎಲ್ಲಾ 3ರಿಂದ ಭಾಗ ಆಗತ್ತೆ, 7 ಆರಿಸಿದ್ದೇ ಅದಕ್ಕೆ, ಹಾಗೆ ಭಾಗ ಆಗೋ ಅಂಕಿಗಳಲ್ಲಿ ವರ್ಗ 61ಕ್ಕೆ ಹತ್ತಿರ ಇರೋದು ಅದೇ. ಭಾಗಿಸಿದ್ರೆ ಕನಿಷ್ಠ 5, ಜ್ಯೇಷ್ಠ 39, ಕ್ಷೇಪ ಮೈನಸ್ 36 ಭಾಗಿಸು 9, ಅಂದ್ರೆ ಮೈನಸ್ 4. ಸರಿನಾ ಅಂತ ನೋಡಿ, 39ರ ವರ್ಗ 1521, 25 ಸಲ 61 ಅಂದ್ರೆ 1525. ಹೌದು, ಮೈನಸ್ 4.

ಒಂದೇ ಸುತ್ತು. ಇಲ್ಲಿಂದ ಚಕ್ರ ತಿರುಗಿಸ್ತಾನೇ ಹೋಗಬಹುದು, ಆದ್ರೆ ಕ್ಷೇಪ 4 ಅಥವಾ ಮೈನಸ್ 4 ಬಂದ ತಕ್ಷಣ ಬ್ರಹ್ಮಗುಪ್ತರ ಒಳದಾರಿ ಇದೆ, ಭಾಸ್ಕರಾಚಾರ್ಯರೂ ಅದನ್ನೇ ಹಿಡಿದ್ರು. ಅರ್ಧ ಮಾಡಿಬಿಡಿ. ಎರಡೂವರೆ ಮತ್ತು ಹತ್ತೊಂಬತ್ತೂವರೆ, ಕ್ಷೇಪ ಮೈನಸ್ 1. ಭಿನ್ನರಾಶಿ ಬಂತಲ್ಲಾ ಅಂತ ಹೆದರಬಾರ್ದು. ಇದನ್ನ ಇದಕ್ಕೇ ಸೇರಿಸಿ ಭಾವನೆ ಮಾಡಿದ್ರೆ 195ರ ಅರ್ಧ ಮತ್ತು 1523ರ ಅರ್ಧ, ಕ್ಷೇಪ 1. ಇನ್ನೂ ಅರ್ಧದಲ್ಲೇ ಇದೀವಿ. ಇದನ್ನ ಮತ್ತೆ ಮೊದಲಿನ ಅರ್ಧದ ಜೋಡಿ ಜೊತೆ ಸೇರಿಸಿದ್ರೆ ಕನಿಷ್ಠ 3805, ಜ್ಯೇಷ್ಠ 29718, ಕ್ಷೇಪ ಮೈನಸ್ 1. ಅರ್ಧ ಎಲ್ಲಾ ತಾನಾಗೇ ಹೋಯ್ತು! ಇನ್ನೊಂದೇ ಸಲ, 3805 ಮತ್ತು 29718ನ್ನ ತಮಗೆ ತಾವೇ ಸೇರಿಸಿ. ಮೈನಸ್ 1 ಸಲ ಮೈನಸ್ 1 ಅಂದ್ರೆ 1. ಕನಿಷ್ಠ, ಎರಡು ಸಲ 3805 ಸಲ 29718, ಅಂದ್ರೆ 226153980. ಜ್ಯೇಷ್ಠ 1766319049.

ಏಳು ವರ್ಷ ನಿದ್ದೆಗೆಟ್ಟು ಹುಡುಕಬೇಕಾದದ್ದು ಅರ್ಧ ಪುಟದಲ್ಲಿ ಬಂತು. ಬಳ್ಳಿ ಅಂದಿದ್ದು ಇದಕ್ಕೇ ಅಂತ ನನಗೆ ಆಗ ಹೊಳೀತು, 8ರಿಂದ 39, 39ರಿಂದ 1523, ಅಲ್ಲಿಂದ 29718, ಗೆಣ್ಣು ಗೆಣ್ಣಿಗೆ ಹಬ್ಬೋದು.

ಅವಳು ಊರಿಗೆ ಹೋದ ಮೇಲೆ ನಾನು 1766319049ನ್ನ ಒಡೆದು ನೋಡೋಕೆ ಶುರು ಮಾಡಿದೆ. ಮಧ್ಯಾಹ್ನ ಮಂಡೀಲಿ ಟೆಂಡರ್ ಮುಗಿದು ಜನ ಖಾಲಿಯಾದ ಮೇಲೆ ಸ್ವಲ್ಪ ಹೊತ್ತು ಸಿಗತ್ತೆ. ಮೊದಲು ಚಿಕ್ಕ ಪರೀಕ್ಷೆಗಳು, ಒಂಬತ್ತು ಬಿಡೋದು, ಹನ್ನೊಂದು ಬಿಡೋದು, ನಮ್ಮ ಅಪ್ಪ ಕೂಡೋ ಲೆಕ್ಕ ಸರಿಯಿದೆಯಾ ಅಂತ ನೋಡೋಕೆ ಕಲಿಸಿದ್ದು. ಅಂಕಿ ಎಲ್ಲಾ ಕೂಡಿಸಿದ್ರೆ 46, ಮತ್ತೆ ಕೂಡಿಸಿದ್ರೆ 10, ಮತ್ತೆ 1. ಕನಿಷ್ಠದ ಅಂಕಿ ಕೂಡಿಸಿದ್ರೆ 36, ಅಂದ್ರೆ ಒಂಬತ್ತರಲ್ಲಿ ಪೂರ್ತಿ ಹೋಗತ್ತೆ. ಸೊನ್ನೆಗೆ ಒಂದು ಸೇರಿಸಿದ್ರೆ ಒಂದು, ಒಂದರ ವರ್ಗ ಒಂದು, ತಾಳೆ ಸರಿ. ಹನ್ನೊಂದಕ್ಕೆ ಅಂಕಿಗಳನ್ನ ಬಲಗಡೆಯಿಂದ ಒಂದು ಬಿಟ್ಟು ಒಂದು ಕೂಡಿಸಿ ಕಳೀತಾ ಬಂದ್ರೆ, 9 − 4 + 0 − 9 + 1 − 3 + 6 − 6 + 7 − 1, ಸೊನ್ನೆ. ಅಂದ್ರೆ 11ರಲ್ಲಿ ಹೋಗತ್ತೆ! ಭಾಗಿಸಿದೆ, 160574459.

ಇದನ್ನ ಮುಂದೆ ಒಡೆಯೋಕೆ ಎರಡು ದಿನ ಸಣ್ಣ ಸಣ್ಣ ಅವಿಭಾಜ್ಯಗಳನ್ನ ಹಾಕ್ತಾ ಬಂದೆ. 13 ಇಲ್ಲ, 17 ಇಲ್ಲ, 19 ಇಲ್ಲ, ಹೀಗೇ 53ರ ತನಕ ಯಾವುದೂ ಇಲ್ಲ, 59ರಲ್ಲಿ ಹೋಯ್ತು. ಉಳಿದದ್ದು 2721601. ಅದು ಯಾವುದಕ್ಕೂ ಬಗ್ಗಲಿಲ್ಲ, ನೂರು ದಾಟಿ, ಇನ್ನೂರು ದಾಟಿ, ಸುಸ್ತಾಗಿ ಪುಸ್ತಕ ಮುಚ್ಚಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಹಳೇ ಪುಟದ 1523 ನೆನಪಾಯ್ತು, ಅರ್ಧದಲ್ಲಿ ಸಿಕ್ಕ ಜೋಡಿಯ ಜ್ಯೇಷ್ಠ. ಯಾಕೆ ನೆನಪಾಯ್ತೋ ಹೇಳೋಕಾಗಲ್ಲ. ಕೈ ತೊಳ್ಕೊಂಡು ಬಂದು ಭಾಗಿಸಿದೆ. 2721601 ಭಾಗಿಸು 1523 ಅಂದ್ರೆ 1787, ಶೇಷ ಇಲ್ಲ.

1766319049 = 11 × 59 × 1523 × 1787.

ಬಳ್ಳಿಯ ನಡುಗೆಣ್ಣು ತುದೀಲಿ ಹಾಗೇ ಉಳ್ಕೊಂಡಿತ್ತು ನೋಡಿ. ಇದು ಆಕಸ್ಮಿಕ ಅಲ್ಲ. ಅರ್ಧದ ಆ ಜೋಡಿಯನ್ನ (195ರ ಅರ್ಧ, 1523ರ ಅರ್ಧ) ಮೂರು ಸಲ ಭಾವನೆಗೆ ಹಾಕಿದ್ರೂ ಕೊನೆಯ ಉತ್ತರವೇ ಬರತ್ತೆ, ಮತ್ತೆ ಮೂರು ಸಲ ಸೇರಿಸಿದಾಗ ಜ್ಯೇಷ್ಠದ ಎರಡರಷ್ಟು ಅಂದ್ರೆ 1523ರ ಘನದಲ್ಲಿ 1523ರ ಮೂರು ಪಟ್ಟು ಕಳೆದಷ್ಟು. ಎರಡು ತುಂಡಲ್ಲೂ 1523 ಇದೆ, ಹಾಗಾಗಿ ಕಳೆದು ಉಳಿದದ್ದರಲ್ಲೂ ಇರಲೇಬೇಕು. ಉಳಿಯೋದು 1523ರ ವರ್ಗದಲ್ಲಿ 3 ಕಳೆದು ಅರ್ಧ ಮಾಡಿದ್ದು, 1159763, ಅದೇ 11 × 59 × 1787. ಮೊದಲೇ ಗೊತ್ತಿದ್ದಿದ್ರೆ ಎರಡು ದಿನದ ಭಾಗಾಕಾರ ಉಳೀತಿತ್ತು, ಆದ್ರೂ ಆ ಎರಡು ದಿನ ನನಗೆ ಬೇಕಾಗಿತ್ತು, ಕೈಗೆ ಸಿಕ್ಕ ರೀತಿಯೇ ಬೇರೆ.

ಇನ್ನೊಂದು ವಿಷಯ ಆ ನಾಲ್ಕು ಅವಿಭಾಜ್ಯಗಳನ್ನ ಸಾಲಾಗಿ ಬರ್ಕೊಂಡು ಸುಮ್ನೆ ನೋಡ್ತಾ ಇದ್ದಾಗ ಕಾಣಿಸ್ತು. 24ರಿಂದ ಭಾಗಿಸಿದ್ರೆ 11ಕ್ಕೆ ಶೇಷ 11. 59ಕ್ಕೆ, 48 ಹೋಗಿ 11. 1523ಕ್ಕೆ, 1512 ಹೋಗಿ 11. 1787ಕ್ಕೆ, 1776 ಹೋಗಿ 11. ನಾಲ್ಕಕ್ಕೂ ಒಂದೇ ಶೇಷ! ಮೈ ಜುಂ ಅಂತು. ಕಾರಣ ಇಲ್ದೇ ಹೀಗಾಗಲ್ಲ ಅಂತ ಹುಡುಕ್ತಾ ಹೋದೆ. ನಮ್ಮ ಸಂಖ್ಯೆ 29718ರ ವರ್ಗದ ಎರಡರಷ್ಟಕ್ಕೆ ಒಂದು ಸೇರಿಸಿದ್ದು, ಯಾವುದೇ ವರ್ಗದ ಎರಡರಷ್ಟಕ್ಕೆ ಒಂದು ಸೇರಿಸಿದ ಸಂಖ್ಯೆಯನ್ನ ಭಾಗಿಸೋ ಅವಿಭಾಜ್ಯ ಇದ್ರೆ ಅದನ್ನ 8ರಿಂದ ಭಾಗಿಸಿದಾಗ ಶೇಷ 1 ಅಥವಾ 3 ಮಾತ್ರ ಬರೋಕೆ ಸಾಧ್ಯ. ಇನ್ನು 11, 59, 1787 ಮೂರೂ ವರ್ಗದಲ್ಲಿ 3 ಕಳೆದ ಸಂಖ್ಯೆಯ ತುಂಡುಗಳು, 3ಕ್ಕಿಂತ ದೊಡ್ಡ ಅಂಥ ಅವಿಭಾಜ್ಯಕ್ಕೆ 12ರಿಂದ ಭಾಗಿಸಿದಾಗ ಶೇಷ 1 ಅಥವಾ 11 ಮಾತ್ರ. ಎರಡೂ ಕಟ್ಟು ಸೇರಿಸಿದ್ರೆ 24ರಲ್ಲಿ 1 ಅಥವಾ 11 ಬಿಟ್ಟು ಬೇರೆ ದಾರಿಯೇ ಇಲ್ಲ. ಅಂದ್ರೆ ಬಾಗಿಲು ಎರಡಿತ್ತು, ಎಲ್ಲರೂ ಒಂದೇ ಬಾಗಿಲಿಂದ ಬಂದಿದಾರೆ, 1523 ಕೂಡ ಅದೇ ಬಾಗಿಲಿಂದ. ಇದನ್ನ ಅವಳಿಗೆ ಮೆಸೇಜ್ ಮಾಡಿದ್ರೆ ಸಣ್ಣ ಮೌನ, ಆಮೇಲೆ "ಮಾಮಾ 11ರ ನಾಲ್ಕನೇ ಘಾತವನ್ನ 24ರಿಂದ ಭಾಗಿಸಿದ್ರೆ ಶೇಷ 1, ಅದಕ್ಕೇ ಇಡೀ ಸಂಖ್ಯೆಗೂ ಶೇಷ 1" ಅಂತ ಬಂತು. ನೋಡಿದ್ರೆ ಹೌದು, 1766319048 ಭಾಗಿಸು 24 ಅಂದ್ರೆ 73596627.

ಕನಿಷ್ಠ ಹಾಗಲ್ಲ, ಅದು ಸಣ್ಣ ಸಣ್ಣ ತುಂಡುಗಳಾಗಿ ಒಡೆಯತ್ತೆ, 2 × 2 × 3 × 3 × 5 × 13 × 127 × 761. ಎರಡಕ್ಕೂ ಒಂದೇ ಒಂದು ಸಾಮಾನ್ಯ ಅಪವರ್ತನ ಇಲ್ಲ, ಇರೋಕೂ ಆಗಲ್ಲ, ಇದ್ದಿದ್ರೆ ಅದು ಆ 1ನ್ನೂ ಭಾಗಿಸಬೇಕಾಗಿತ್ತು. ಆ 1 ಎಷ್ಟು ಕೆಲಸ ಮಾಡತ್ತೆ ನೋಡಿ.

ಇನ್ನೂ ಒಂದಿದೆ ಅದರ ಕೆಲಸ. ಜ್ಯೇಷ್ಠವನ್ನ ಕನಿಷ್ಠದಿಂದ ಭಾಗಿಸಿದ್ರೆ 61ರ ವರ್ಗಮೂಲ ಬರತ್ತೆ, 7.810249675906654 ಅಂತ ಶುರುವಾಗೋದು. ನಿಜವಾದ ವರ್ಗಮೂಲಕ್ಕೂ ಇದಕ್ಕೂ ವ್ಯತ್ಯಾಸ ಶುರುವಾಗೋದು ದಶಮಾಂಶದ 18ನೇ ಸ್ಥಾನದಲ್ಲಿ. ಹತ್ತಂಕಿ ಮತ್ತು ಒಂಬತ್ತಂಕಿ ಸಂಖ್ಯೆ ಭಾಗಿಸಿ 17 ಸ್ಥಾನ ಸರಿ ಬರೋದು ಅಂದ್ರೆ ಸುಮ್ನೆ ಅಲ್ಲ. ಎರಡು ಪೂರ್ಣಾಂಕದ ವರ್ಗಗಳು 61 ಪಟ್ಟಿನಲ್ಲಿ ಸಮ ಆಗೋಕಂತೂ ಸಾಧ್ಯ ಇಲ್ಲ, ಯಾಕಂದ್ರೆ 61ಕ್ಕೆ ಪೂರ್ಣ ವರ್ಗಮೂಲ ಇಲ್ಲ, ಹಾಗಿರೋವಾಗ ವ್ಯತ್ಯಾಸ 1 ಅನ್ನೋದೇ ಅತಿ ಹತ್ತಿರ. ಅದಕ್ಕೇ ಸ್ಪ್ರೆಡ್‌ಶೀಟ್ ಮೋಸ ಹೋಗಿದ್ದು, ನಿಜಕ್ಕೂ ಅಷ್ಟು ಹತ್ತಿರ ಇದಾವೆ ಅವು.

61ರ ವರ್ಗಮೂಲದ ಇನ್ನೊಂದು ಗುಣ ಹೇಳದೇ ಇರೋಕಾಗ್ತಿಲ್ಲ. ಅದರಲ್ಲಿ ಪೂರ್ಣಾಂಕ 7 ತೆಗೆದಿಟ್ಟು ಉಳಿದ ಭಿನ್ನವನ್ನ ತಲೆಕೆಳಗು ಮಾಡಿ, ಮತ್ತೆ ಪೂರ್ಣಾಂಕ ತೆಗೆದಿಟ್ಟು, ಉಳಿದದ್ದನ್ನ ಮತ್ತೆ ತಲೆಕೆಳಗು ಮಾಡ್ತಾ ಹೋದ್ರೆ ತೆಗೆದಿಟ್ಟ ಪೂರ್ಣಾಂಕಗಳು ಹೀಗೆ ಬರ್ತವೆ, 7, ಆಮೇಲೆ 1, 4, 3, 1, 2, 2, 1, 3, 4, 1, ಆಮೇಲೆ 14. ಅಲ್ಲಿಂದ ಮತ್ತೆ 1, 4, 3 ಅಂತ ಅದೇ ಸುತ್ತು. ನಡುವಿನ ಹತ್ತು ಅಂಕಿ ಹಿಂದಿಂದ ಓದಿದ್ರೂ ಮುಂದಿಂದ ಓದಿದ್ರೂ ಒಂದೇ. ಆಮೇಲಿನ ಯುರೋಪಿನ ದಾರಿ ಇದು, ಈ ಸುತ್ತನ್ನ ಎರಡು ಸಲ ಸುತ್ತಿದ್ರೆ, ಅಂದ್ರೆ 22 ಹೆಜ್ಜೆಗೆ, ಅದೇ 1766319049 ಸಿಗತ್ತೆ.

ಫರ್ಮಾ ಸವಾಲು ಹಾಕಿದ್ದು 1657ರ ಫೆಬ್ರವರೀಲಿ, ಫ್ರೆನಿಕಲ್ ಅನ್ನೋ ತನ್ನ ಸ್ನೇಹಿತನಿಗೆ ಬರೆದ ಪತ್ರದಲ್ಲಿ. ನಿಮಗೆ ಜಾಸ್ತಿ ತೊಂದರೆ ಆಗಬಾರ್ದು ಅಂತ ಸಣ್ಣ ಸಂಖ್ಯೆ ಕೊಡ್ತಿದೀನಿ ಅಂತ ಹೇಳಿ 61 ಮತ್ತು 109 ಆರಿಸ್ದ. ಈ ಎರಡರ ಉತ್ತರದ ಗಾತ್ರ ಗೊತ್ತಿಲ್ದೇ ಯಾರೂ ಇವೆರಡನ್ನೇ ಆರಿಸಲ್ಲ. ಇಂಗ್ಲೆಂಡಲ್ಲಿ ಬ್ರೌಂಕರ್ ದಾರಿ ಕಂಡುಹಿಡಿದ, ವಾಲಿಸ್ ಅದನ್ನ ಬರೆದಿಟ್ಟ, ಆಯ್ಲರ್ ಈ ಥರದ ಲೆಕ್ಕಕ್ಕೆ ತಪ್ಪಾಗಿ ಪೆಲ್ ಅನ್ನೋರ ಹೆಸರು ಇಟ್ಟಿದ್ದು ಹಾಗೇ ನಿಂತುಬಿಡ್ತು, ಎಲ್ಲಾ ಸಂಖ್ಯೆಗೂ (ಪೂರ್ಣ ವರ್ಗ ಆಗಿರಬಾರ್ದು ಅಷ್ಟೇ) ಉತ್ತರ ಇದ್ದೇ ಇರತ್ತೆ ಅಂತ 1760ರ ದಶಕದ ಕೊನೆಗೆ ಲಗ್ರಾಂಜ್ ಸಾಧಿಸಿ ತೋರಿಸ್ದ. ಬೀಜಗಣಿತ ಕೋಲ್‌ಬ್ರೂಕ್ ಅನುವಾದದಲ್ಲಿ ಇಂಗ್ಲಿಷಿಗೆ ಬಂದಿದ್ದು 1817ರಲ್ಲಿ, ಅಷ್ಟೊತ್ತಿಗೆ ಇದೆಲ್ಲ ಮುಗಿದಿತ್ತು. ಅಂದ್ರೆ ಯಾರೂ ಯಾರದ್ದೂ ಕದ್ದಿಲ್ಲ, ಬೇರೆ ಬೇರೆ ದಾರೀಲಿ ನಡೆದು ಒಂದೇ ಸಂಖ್ಯೆ ಹತ್ರ ಬಂದು ನಿಂತಿದಾರೆ. ನನಗೆ ಮೊದಲು ಯಾರು ಅನ್ನೋದಕ್ಕಿಂತ ಇದು ಹೆಚ್ಚು ಚಂದ ಕಾಣತ್ತೆ. ನಾವು ಮುಂದಿದ್ವಿ ಅಂತ ಆ ಫಾರ್ವರ್ಡನ್ನ ಮುಂದೆ ತಳ್ಳೋರಲ್ಲಿ ನೂರಕ್ಕೆ ಒಬ್ಬರಾದ್ರೂ 39ರ ವರ್ಗಕ್ಕೂ 1525ಕ್ಕೂ 4 ವ್ಯತ್ಯಾಸ ಅಂತ ತಮ್ಮ ಕೈಯಲ್ಲೇ ಬರೆದು ನೋಡಲಿ ಅನ್ನೋದು ನನ್ನ ಆಸೆ. ಭಾಸ್ಕರಾಚಾರ್ಯರು ಹೊಗಳಿ ಅಂತ ಬರೀಲಿಲ್ಲ, ಗೆಳೆಯಾ, ಬಿಡಿಸಿ ಹೇಳು ಅಂತ ಬರೆದ್ರು.

ಅವಳು ಈಗ 109 ಹಿಡಿದಿದಾಳೆ, ಕಂಪ್ಯೂಟರ್ ಮುಟ್ಟಲ್ಲ ಅಂತ ಹಟ. 100 ಹತ್ತಿರದ ವರ್ಗ, ಹಾಗಾಗಿ 1, 10, ಕ್ಷೇಪ ಮೈನಸ್ 9ರಿಂದ ಶುರು. ಮೊನ್ನೆ ಪುಸ್ತಕದ ಫೋಟೋ ಕಳಿಸಿದ್ಲು, 2 ಮತ್ತು 21, ಕ್ಷೇಪ 5. ಕೆಳಗೆ 9 ಮತ್ತು 94, ಕ್ಷೇಪ 7. ಅದರ ಕೆಳಗೆ ಪೆನ್ಸಿಲಲ್ಲಿ 25 ಮತ್ತು 261, ಸುತ್ತ ದೊಡ್ಡ ವೃತ್ತ. "ಮಾಮಾ ಮೈನಸ್ 4 ಬಂತು!!"

ಮೈನಸ್ 4 ಬಂದ್ರೆ ಮುಂದಿನ ದಾರಿ ಅವಳಿಗೆ ಗೊತ್ತು. ನಿನ್ನೆ ರಾತ್ರಿ ಹತ್ತೂವರೆಗೆ ಉತ್ತರ ಬಂತು, ಕನಿಷ್ಠ 15140424455100, ಜ್ಯೇಷ್ಠ 158070671986249. ಅದರ ಜೊತೆಗೆ ಒಂದು ಪ್ರಶ್ನೆ. 61ರಲ್ಲಿ 39ರ ವರ್ಗಕ್ಕೆ 2 ಸೇರಿಸಿದ್ರೆ 1523, ಅದು ಕೊನೆಯ ಸಂಖ್ಯೆಯನ್ನ ಭಾಗಿಸ್ತು. ಹಾಗಾದ್ರೆ ಇಲ್ಲಿ 261ರ ವರ್ಗಕ್ಕೆ 2 ಸೇರಿಸಿದ 68123 ಕೂಡ ಭಾಗಿಸ್ಬೇಕಲ್ವಾ, ನೀನೇ ಮಾಡಿ ಹೇಳು ಅಂತ. ಇವತ್ತು ಮಂಡೀಲಿ ಮಧ್ಯಾಹ್ನ ಎರಡು ಗಂಟೆಗೆ ಕೂತೆ, ಹಳೇ ಚೀಟಿ ಹಿಂದೆ ಉದ್ದ ಭಾಗಾಕಾರ, ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಮುಗೀತು. ಭಾಗಲಬ್ಧ 2320371563. ಶೇಷ ಸೊನ್ನೆ, ಈ ಸಲ ನಿಜವಾದ ಸೊನ್ನೆ. ಚೀಟಿ ಫೋಟೋ ತೆಗೆದು ಅವಳಿಗೆ ಕಳಿಸಿದೀನಿ.